ಪಟಿಕದ ಕಲ್ಲು

ಹಿಂದಿನ ರಾತ್ರಿ, ಶಟರು ಅರ್ಧ ಇಳಿಸಿದ ಮೇಲೆ,
ಬಗ್ಗಿ ಒಳಗೆ ಬಂದ ಇನ್ನಾಸಪ್ಪ.
ಕುರ್ಚಿಗೆ ಒರಗಿ, ಕನ್ನಡಿ ನೋಡದೆ ಹೇಳಿದ:
'ಗಡ್ಡಕ್ಕೂ ಹಚ್ಚು. ಎದೆಗೂ.
ಆ ಹುಡುಗನಿಗೆ ನರೆ ಕಾಣಬಾರದು.'

ಹಚ್ಚಿದೆ, ಎರಡು ಪೊಟ್ಟಣ ಕಲಸಿ,
ಹಳೇ ಹಲ್ಲುಜ್ಜುವ ಬ್ರಷ್ಷಲ್ಲಿ.
ನಲವತ್ತೊಂದು ವರ್ಷದ ಎದೆ.
ಒಂದು ಪಕ್ಕೆಲುಬು ಸೊಟ್ಟಗೆ ಕೂಡಿಕೊಂಡಿದೆ.
ಯಾವ ಊರಿನ ಏಟೆಂದು ಅವನಿಗೆ ಮರೆತಿದೆ,
ನನಗೆ ನೆನಪಿದೆ.

ನಾನು ಕ್ಷೌರದವನು.
ಅವನ ಮೂಲೆಯ ಬಕೆಟ್ಟು, ಸ್ಟೂಲು, ಟವೆಲು ನನ್ನವು.
ದೊಡ್ಡ ದೇಶದವರು ಗಾಯಕ್ಕೆ ಏನೇನೋ ಔಷಧಿ ತರುತ್ತಾರೆ;
ನನ್ನ ಜೇಬಲ್ಲಿ ಪಟಿಕದ ಕಲ್ಲು.
ಅಧಿಕಾರಿಯೊಬ್ಬ ಅದನ್ನು ಮೂಸಿ ನೋಡಿ
ಏನೂ ತಿಳಿಯದೆ ವಾಪಸು ಕೊಟ್ಟ.

ಎದುರಿನವನಿಗೆ ಇಪ್ಪತ್ತಮೂರು. ಮನಿಲಾದ ಹುಡುಗ.
ತೂಕದ ದಿನ ನಕ್ಕು ಕೈ ಕೊಟ್ಟಿದ್ದ,
ಮಗುವಿನಂಥ ಹಲ್ಲು.

ಕಂಠೀರವದಲ್ಲಿ ಮೇಲಿನ ಮೆಟ್ಟಿಲು ಪೂರಾ ಮರ್ಫಿಟೌನು.
ಮೊದಲ ನಾಲ್ಕು ಸುತ್ತು ಹುಡುಗನವು, ಸುಳ್ಳು ಹೇಳಲಾರೆ.
ಬಾಗಿಲು ತಟ್ಟಿ ಓಡಿಹೋಗುವ ಮಕ್ಕಳಿರುತ್ತಾರಲ್ಲ,
ಹಾಗೆ ತಟ್ಟಿ ತಟ್ಟಿ ಓಡುತ್ತಿದ್ದ.
ನಮ್ಮವನು ಅಗುಳಿ ತೆಗೆಯುವಷ್ಟರಲ್ಲಿ
ಬೀದಿ ಖಾಲಿ.

ಐದರಲ್ಲಿ ಹುಬ್ಬು ಒಡೆಯಿತು.
ಐದರಲ್ಲೇ ಬಣ್ಣವೂ ಇಳಿಯಿತು,
ಗಡ್ಡದಿಂದ ಕೊರಳಿಗೆ, ಎದೆಯಿಂದ ಹೊಟ್ಟೆಗೆ, ಕಪ್ಪು ಗೆರೆ ಗೆರೆ.
ಹುಡುಗನ ಬಿಳಿ ಗ್ಲೌಸಿಗೆ ಮಸಿ.
ರೆಫರಿ ಆಟ ನಿಲ್ಲಿಸಿ, ಬೆರಳಲ್ಲಿ ಉಜ್ಜಿ ನೋಡಿ,
ಮುಂದುವರಿಸಿ ಅಂದ.
ಮೆಟ್ಟಿಲ ಮೇಲೆ ಯಾರೋ ನಕ್ಕರು. ನಮ್ಮವರೇ.

ಸ್ಟೂಲಿಗೆ ಬಂದು ಕೂತವನ ಮುಖ ಒರೆಸಿದೆ.
ಪಟಿಕ ಒತ್ತಿದೆ. ಉರಿಗೆ ಕಣ್ಣು ಮುಚ್ಚಿದ.
'ಕಾಣ್ತಾ?'
'ಎಲ್ಲಾ ಕಾಣ್ತು.'
'ಹಂಗಾದ್ರೆ ಸರಿ. ಇನ್ನೇನು ಮುಚ್ಚೋದು.'

ಅವನ ಸಂಬಳದ ಕೆಲಸ ನೀರಿನ ಬೋರ್ಡಿನಲ್ಲಿ.
ರಾತ್ರಿ ಮೂರಕ್ಕೆ ರಸ್ತೆಯ ಗುಂಡಿಗೆ ಬಗ್ಗಿ
ಉದ್ದನೆಯ ಕಬ್ಬಿಣದ ಕೀಲಿಯಲ್ಲಿ ವಾಲ್ವು ತಿರುವುವುದು.
ತುಕ್ಕು ಹಿಡಿದದ್ದು ಕೈಬಲಕ್ಕೆ ತಿರುಗುವುದಿಲ್ಲ.
ಹಿಮ್ಮಡಿಯಿಂದ ಸೊಂಟಕ್ಕೆ, ಸೊಂಟದಿಂದ ಭುಜಕ್ಕೆ,
ತಾಳಿ, ತಾಳಿ,
ಒಂದೇ ಸಲ.
ಆಮೇಲೆ ನೆಲದಡಿ ಎಲ್ಲೋ ನೀರು ಹೊರಟ ಸದ್ದು.

ಒಂಬತ್ತರಲ್ಲಿ ಆ ಸದ್ದು ಕೇಳಿದೆ.
ಹುಡುಗ ತಟ್ಟಲು ಬಂದ; ಬಾಗಿಲು ಆಗಲೇ ತೆರೆದಿತ್ತು.
ಎಡಗೈ ತಿರುಗಿತು, ಪಕ್ಕೆಗೆ.
ಹುಡುಗನ ಬಾಯಿ ತೆರೆಯಿತು, ಮಾತಿಲ್ಲ,
ಮೊಣಕಾಲು ಒಂದಾದ ಮೇಲೊಂದು ನೆಲ ಹುಡುಕಿದವು.
ಎದ್ದ. ಏಳದೇ ಇರುತ್ತಾನೆಯೇ, ಇಪ್ಪತ್ತಮೂರು.
ಆದರೆ ಆಮೇಲೆ ತಟ್ಟುವ ಮುಂಚೆ ಯೋಚಿಸತೊಡಗಿದ.
ಯೋಚಿಸತೊಡಗಿದರೆ ಇಬ್ಬರಿಗೂ ಒಂದೇ ವಯಸ್ಸು.

ಹನ್ನೆರಡು ಮುಗಿದು ಮೂರು ಚೀಟಿ ಓದಿದರು.
ಎರಡು ನಮ್ಮವು.
ಕೂಗಾಟದ ನಡುವೆ ಅವನ ಸೊಂಟಕ್ಕೆ ವಿಶ್ವದ ಬೆಲ್ಟು ಕಟ್ಟುತ್ತಿರುವಾಗ
ನನ್ನ ಕಿವಿಗೆ ಬಗ್ಗಿ ಕೇಳಿದ:
'ಎಷ್ಟನೇ ಸುತ್ತು?'
'ಮುಗೀತು ಕಣೋ. ಗೆದ್ದೆ.'
ತಲೆಯಾಡಿಸಿದ.
ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅದನ್ನೇ ಕೇಳಿದ.

ಈಗ ಬೆಳಗಿನ ನಾಲ್ಕು.
ಆಸ್ಪತ್ರೆಯವರು ತಲೆಯ ಫೋಟೋ ತೆಗೆದು, ನೋಡಿಕೊಳ್ಳಿ ಅಂದು ಕಳಿಸಿದ್ದಾರೆ.
ಈ ಮುಖ ಹೊತ್ತು ಸ್ಟೆಲ್ಲಾಮೇರಿಯ ಎದುರು ನಿಲ್ಲಲು ಹೆದರಿ
ನನ್ನ ಅಂಗಡಿಯ ಕುರ್ಚಿಯಲ್ಲಿ ಗೊರಕೆ ಹೊಡೆಯುತ್ತಿದ್ದಾನೆ.
ಬೆಲ್ಟು ಮೊಳೆಗೆ ನೇತುಹಾಕಿದ್ದೇನೆ,
ಕತ್ತಿ ಮಸೆಯುವ ಚರ್ಮದ ಪಟ್ಟಿಯ ಪಕ್ಕ.
ಅರ್ಧ ಗಂಟೆಗೊಮ್ಮೆ ಭುಜ ತಟ್ಟಿ ಎಬ್ಬಿಸಿ
ಹೆಸರೇನು ಎಂದು ಕೇಳುತ್ತೇನೆ.
ನನ್ನನ್ನು ಬೈದು, ಹೇಳುತ್ತಾನೆ.

ಹೊರಗೆ ನಲ್ಲಿಯ ಬುಡದಲ್ಲಿ ಕೊಡಗಳ ಸದ್ದು.
'ಎಲ್ಲೋದ ಆ ಇನ್ನಾಸಪ್ಪ? ಇವತ್ತು ನೀರೇ ಬಿಟ್ಟಿಲ್ಲ!'
ಹೆಂಗಸೊಬ್ಬಳು ಕೂಗುತ್ತಾಳೆ.

ಶಟರನ್ನು ಇನ್ನೊಂದು ಗೇಣು
ಸದ್ದಿಲ್ಲದೆ ಇಳಿಸುತ್ತೇನೆ.